ಮಕ್ಕಳಿಗೆ ಮಣ್ಣು ಕಲಿಸಿದ ಗುರುದೇವ ರವೀಂದ್ರರು



ಯಾವ ಸಾಲಿಗೆ ಹೋದರೂ ಗೋಡೆಯ ಮೇಲಿನ ಭಾವಚಿತ್ರಗಳ ಸಾಲಿನಲ್ಲಿ ಬಿಳಿ ಗಡ್ಡದ, ಉದ್ದ ನಿಲುವಂಗಿಯ ಒಬ್ಬ ಹಿರಿಯರು ಕಾಣುತ್ತಾರೆ. ಇವರು ಯಾರು ಅಂತ ಹುಡುಗರನ್ನು ಕೇಳಿದರೆ, ರವೀಂದ್ರನಾಥ ಠಾಕೂರರು, ಜನಗಣಮನ ಬರೆದವರು, ನೊಬೆಲ್ ಬಹುಮಾನ ಪಡೆದವರು ಅಂತ ಪಟ್ಟನೆ ಹೇಳುತ್ತಾರೆ. ಅದು ಖರೆ. ಆದರೆ ಇದೇ ಮಹಾನುಭಾವರು ರೈತರ ಸಲುವಾಗಿ ಒಂದು ಬ್ಯಾಂಕು ತೆಗೆದಿದ್ದರು, ಸ್ವಂತ ಮಗನನ್ನು ಒಕ್ಕಲುತನ ಕಲಿಯಲಿಕ್ಕೆ ಅಮೇರಿಕಾಕ್ಕೆ ಕಳಿಸಿದ್ದರು, ಬಡವರ ಮಕ್ಕಳಿಗೆ ಮಣ್ಣಿನಲ್ಲೇ ಪಾಠ ಹೇಳಿಕೊಡುವ ಒಂದು ಸಾಲಿ ನಡೆಸಿದ್ದರು ಅಂದ್ರ ಭಾಳ ಮಂದಿಗೆ ಅದು ಹೊಸ ಸುದ್ದಿ. ಸಹಕಾರಿ ಸಂಘದ ರಜತ ಮಹೋತ್ಸವದ ಸಂಚಿಕೆಯಲ್ಲಿ ಒಬ್ಬ ಕವಿಯ ಚರಿತ್ರೆ ಯಾಕೆ ಅಂತ ಯಾರಾದರೂ ಕೇಳಿದರೆ, ಉತ್ತರ ಇಲ್ಲೇ ಇದೆ.

ನಾವು ಎಸ್.ಎಸ್.ಎಲ್.ಸಿ. ತನಕ ಓದಿ ಒಕ್ಕಲುತನಕ್ಕೆ ನಿಂತವರು. ದೊಡ್ಡ ಪಂಡಿತರಲ್ಲ. ಆದರೂ ಈ ಜೀವನ ಚರಿತ್ರೆಯಲ್ಲಿ ನಮ್ಮಂಥ ರೈತರು ಮತ್ತು ನಮ್ಮಂಥ ಸಂಘಗಳು ತಿಳಿದುಕೊಳ್ಳಬೇಕಾದ ಒಂದು ಮಾತು ಇದೆ ಅಂತ ನಮಗೆ ಅನ್ನಿಸಿದೆ. ಅದನ್ನು ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತೇವೆ.

ರವೀಂದ್ರರು ಹುಟ್ಟಿದ್ದು 1861ನೇ ಇಸವಿ ಮೇ 7ರಂದು, ಕಲ್ಕತ್ತೆಯ ಜೋಡಾಸಾಂಕೋ ಎಂಬಲ್ಲಿ. ಮನೆತನ ದೊಡ್ಡ ಜಮೀನ್ದಾರರದು. ತಂದೆ ಮಹರ್ಷಿ ದೇವೇಂದ್ರನಾಥರು. ಮನೆ ತುಂಬ ಮಂದಿ, ಆಳುಕಾಳು, ಹಾಡು, ನಾಟಕ. ಆದರೆ ಹುಡುಗನಿಗೆ ಸಾಲಿ ಅಂದ್ರ ಆಗುತ್ತಿರಲಿಲ್ಲ. ಒಂದು ಸಾಲಿಗೆ ಹಾಕಿದರು, ಬಿಟ್ಟರು. ಇನ್ನೊಂದಕ್ಕೆ ಹಾಕಿದರು, ಅದನ್ನೂ ಬಿಟ್ಟರು. ನಾಲ್ಕು ಗೋಡೆಗಳ ನಡುವೆ ಬೆಂಚಿನ ಮೇಲೆ ಕುಳಿತು ಮಾಸ್ತರರು ಹೇಳಿದ್ದನ್ನು ಗಿಳಿಯ ಹಾಗೆ ಒಪ್ಪಿಸುವುದು ಅವರಿಂದ ಆಗಲಿಲ್ಲ. ಮುಂದೆ ದೊಡ್ಡವರಾದ ಮೇಲೆ, ಪುಸ್ತಕದ ಹಾಳೆಗಳನ್ನು ಬಾಯಿಗೆ ತುರುಕಿಸಿಕೊಂಡು ಸತ್ತ ಒಂದು ಗಿಳಿಯ ಕತೆಯನ್ನೇ ಅವರು ಬರೆದರು. ಆ ಸಿಟ್ಟು ಸಣ್ಣವರಿದ್ದಾಗಿನಿಂದ ಬಂದದ್ದು.

1873ರಲ್ಲಿ, ಅವರಿಗೆ ಇನ್ನೂ 12 ತುಂಬುವ ಹೊತ್ತು, ಮುಂಜಿ ಆದ ಮೇಲೆ ತಂದೆ ಅವರನ್ನು ಸಂಗಡ ಕರಕೊಂಡು ಪ್ರವಾಸ ಹೊಂಟರು. ಮೊದಲು ಇಳಿದದ್ದು ಬೀರಭೂಮ ಜಿಲ್ಲೆಯ ಬೋಲಪುರದ ಹತ್ತಿರ ಶಾಂತಿನಿಕೇತನದಲ್ಲಿ. ಅಲ್ಲಿಯ ನೆಲ ಕೆಂಪು, ಕಂಕರದ್ದು. ಗಿಡಗಂಟಿ ಇಲ್ಲದ ಬಯಲಿನಲ್ಲಿ ಮಳೆ ನೀರು ವರ್ಷ ವರ್ಷ ಮಣ್ಣು ಕೊರೆದು ದೊಡ್ಡ ದೊಡ್ಡ ಕೊರಕಲು ಮಾಡಿತ್ತು. ಆ ಕಡೆಯ ಮಂದಿ ಅದಕ್ಕೆ ಖೋಯಾಯಿ ಅನ್ನುತ್ತಾರೆ. ನಮ್ಮ ಹಳ್ಳದ ದಂಡೆಗೆ ಕೊರೆತ ಬಿದ್ದು ಹೊಲ ಒಡೆಯುತ್ತದಲ್ಲ, ಹಂಗ. ಹುಡುಗ ರವೀಂದ್ರ ದಿನವಿಡೀ ಆ ಕೊರಕಲಿನಲ್ಲಿ ತಿರುಗಾಡಿ, ಬಣ್ಣ ಬಣ್ಣದ ಹರಳು ಕಲ್ಲು ಆರಿಸಿ ಅಂಗಿಯ ಉಡಿಯಲ್ಲಿ ಕಟ್ಟಿಕೊಂಡು ತಂದೆಯ ಮುಂದೆ ತಂದು ಸುರಿಯುತ್ತಿದ್ದ. ತಂದೆ ಬೈಯಲಿಲ್ಲ. ಬಟ್ಟೆ ಹೊಲಸಾಯಿತು ಅನ್ನಲಿಲ್ಲ. ಭಾಳ ಚಲೋ ಅಂತ ಹುರಿದುಂಬಿಸಿದರು. ಒಂದು ಕಡೆ ಮಣ್ಣಿನೊಳಗಿಂದ ತಿಳಿನೀರು ಜಿನುಗುವುದನ್ನು ಹುಡುಗ ಕಂಡುಹಿಡಿದು ಹೇಳಿದಾಗ, ತಂದೆ ತಮಗೆ ಕುಡಿಯಲು ಅದೇ ನೀರು ತರಿಸಿಕೊಂಡರು. ಹತ್ತಾರು ಮಾಸ್ತರರಿಂದ ಕಲಿಯದ ಹುಡುಗ ಆ ಕೊರಕಲಿನಲ್ಲಿ ಕಲಿತ. ತಾನು ನೋಡಿದ್ದಕ್ಕೆ ಹಿರಿಯರು ಬೆಲೆ ಕೊಟ್ಟರು ಎಂಬ ಸಂತೋಷವನ್ನು ಅವರು ಮುದುಕರಾದರೂ ಮರೆಯಲಿಲ್ಲ.

ನಮ್ಮ ಕನ್ನಡ ನಾಡಿಗೂ ರವೀಂದ್ರರಿಗೂ ಒಂದು ಸಂಬಂಧ ಇದೆ. ಅವರ ಅಣ್ಣ ಸತ್ಯೇಂದ್ರನಾಥರು ಐ.ಸಿ.ಎಸ್. ಪರೀಕ್ಷೆ ಪಾಸಾದ ಮೊದಲ ಭಾರತೀಯರು. ಅವರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ತಮ್ಮ ರವೀಂದ್ರರು ಬಂದು ಉಳಿದಿದ್ದರು. ಆಗ ಕಾರವಾರವೂ ನಮ್ಮ ಧಾರವಾಡದ ಹಾಗೇ ಮುಂಬಯಿ ಇಲಾಖೆಯಲ್ಲಿತ್ತು. ಆ ಸಮುದ್ರ ದಂಡೆಯ ಮೇಲೆ ಕುಳಿತು ಅವರು ಒಂದು ನಾಟಕ ಬರೆದರು. ಇವತ್ತಿಗೂ ಆ ದಂಡೆಗೆ ಅವರದೇ ಹೆಸರು ಇದೆ.

ರವೀಂದ್ರರ ಬಾಳಿಗೆ ತಿರುವು ಬಂದದ್ದು 1890ರ ಸುಮಾರಿಗೆ. ತಂದೆ ಅವರನ್ನು ಜಮೀನು ನೋಡಿಕೊಳ್ಳಲಿಕ್ಕೆ ಪೂರ್ವ ಬಂಗಾಲಕ್ಕೆ ಕಳಿಸಿದರು. ಶಿಲಾಯಿದಹ, ಶಾಹಜಾದಪುರ, ಪತಿಸರ ಎಂಬ ಊರುಗಳು. ಈಗ ಅವು ಬಾಂಗ್ಲಾದೇಶದಲ್ಲಿವೆ. ಪದ್ಮಾ ನದಿಯ ಮೇಲೆ ಒಂದು ಮನೆ ದೋಣಿಯಲ್ಲಿ ಇದ್ದುಕೊಂಡು ಹಳ್ಳಿ ಹಳ್ಳಿ ತಿರುಗಿದರು. ಅಲ್ಲಿ ಕಂಡದ್ದೇನು? ನೆಲ ಇದೆ, ನೀರು ಇದೆ, ದುಡಿಯುವ ಮಂದಿ ಇದ್ದಾರೆ, ಆದರೂ ಹೊಟ್ಟೆಗಿಲ್ಲ. ಬಿತ್ತುವ ಮುಂದ ಸಾವುಕಾರನ ಹತ್ತಿರ ಸಾಲ, ರಾಶಿ ಆದ ಮೇಲೆ ಕಣದಿಂದಲೇ ಕಾಳು ಸಾವುಕಾರನ ಮನೆಗೆ. ಮರುವರ್ಷ ಮತ್ತೆ ಸಾಲ. ಈ ಗಾಣಕ್ಕೆ ಕಟ್ಟಿದ ಎತ್ತಿನ ಬಾಳು ನಮ್ಮ ಹಿರಿಯರಿಗೂ ಹೊಸದಲ್ಲ.

ಜಮೀನ್ದಾರರಾಗಿ ಬಂದವರು ರೈತರ ಕಷ್ಟಕ್ಕೆ ಕರಗಿದರು. 1905ರಲ್ಲಿ ಪತಿಸರದಲ್ಲಿ ಒಂದು ಕೃಷಿ ಬ್ಯಾಂಕು ತೆಗೆದರು. ಗೆಳೆಯರ ಹತ್ತಿರ ಸಾಲ ಎತ್ತಿ ಬಂಡವಾಳ ಹಾಕಿದರು. ಸಾವುಕಾರನಿಗಿಂತ ಎಷ್ಟೋ ಕಡಿಮೆ ಬಡ್ಡಿಗೆ ರೈತರಿಗೆ ಕೊಟ್ಟರು. ಇಲ್ಲಿ ಒಂದು ಯೋಗಾಯೋಗ ನೋಡಿರಿ. 1904ರ ಸಹಕಾರಿ ಕಾಯ್ದೆ ಬಂದ ಮೇಲೆ, ಅದೇ 1905ರಲ್ಲಿ, ಆಗಿನ ನಮ್ಮ ಧಾರವಾಡ ಜಿಲ್ಲೆಯ, ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಒಬ್ಬರು ಬಂಗಾಲದ ಕವಿ, ಇನ್ನೊಬ್ಬರು ಬಯಲುಸೀಮೆಯ ಗೌಡರು. ಇಬ್ಬರ ಹೊಟ್ಟೆಯಲ್ಲೂ ಹುಟ್ಟಿದ ಸಂಕಟ ಒಂದೇ. ಆ ಬಿತ್ತಿದ ಬೀಜದ್ದೇ ಒಂದು ಕುಡಿ ಇವತ್ತು 25 ತುಂಬಿದ ನಮ್ಮ ಸಂಘ.

1913ರಲ್ಲಿ ರವೀಂದ್ರರಿಗೆ ನೊಬೆಲ್ ಬಹುಮಾನ ಬಂತು. ಬಂದ ಹಣದಲ್ಲಿ ಬಹುಪಾಲನ್ನು ಅವರು ಬಂಗಾರ ಕೊಳ್ಳಲಿಕ್ಕೆ ಹಾಕಲಿಲ್ಲ, ಮಹಲು ಕಟ್ಟಿಸಲಿಕ್ಕೆ ಹಾಕಲಿಲ್ಲ. ತಮ್ಮ ಶಾಂತಿನಿಕೇತನದ ಸಾಲಿಯ ಹೆಸರಿನಲ್ಲಿ ಪತಿಸರದ ಕೃಷಿ ಬ್ಯಾಂಕಿನಲ್ಲಿ ಠೇವಣಿ ಇಟ್ಟರು. ರೈತರಿಗೆ ಸಾಲ ಸಿಗಬೇಕು, ಅದರ ಬಡ್ಡಿ ಮಕ್ಕಳ ಸಾಲಿಗೆ ಬರಬೇಕು, ಇದು ಅವರ ಲೆಕ್ಕ. ಭಾಳ ವರ್ಷ ಅದು ನಡೆಯಿತು. ಮುಂದೆ 1930ರ ದಶಕದಲ್ಲಿ ಬಂಗಾಲದಲ್ಲಿ ರೈತರ ಸಾಲ ಪರಿಹಾರದ ಕಾಯ್ದೆ ಬಂದ ಮೇಲೆ ವಸೂಲಿ ನಿಂತುಹೋಯಿತು. ಬ್ಯಾಂಕು ಉಳಿಯಲಿಲ್ಲ. ನೊಬೆಲ್ ಹಣ ಅಲ್ಲಿಯೇ ಮುಳುಗಿತು. ಸಂಘ ನಡೆಸುವ ನಮಗೆ ಈ ಭಾಗ ಓದುವಾಗ ಮೈ ಝುಂ ಅನ್ನುತ್ತದೆ. ಸಾಲ ಕೊಡುವುದು ಬೇಕೇ ಬೇಕು. ಆದರೆ ಅಷ್ಟರಿಂದಲೇ ರೈತ ಎದ್ದು ನಿಲ್ಲುವುದಿಲ್ಲ. ಸಾಲ ಹೊಲಕ್ಕೆ ಹೋಗಿ ಬೆಳೆಯಾಗಿ ತಿರುಗಿ ಬರಬೇಕಾದರೆ ಹೊಲದ ಮಣ್ಣಿನಲ್ಲಿ ಸತ್ವ ಇರಬೇಕು, ಆ ಮಣ್ಣನ್ನು ಬಲ್ಲ ಮನುಷ್ಯ ಮನೆಯಲ್ಲಿ ಇರಬೇಕು.

ಈ ಮಾತು ರವೀಂದ್ರರಿಗೆ ಮೊದಲೇ ಹೊಳೆದಿತ್ತು. ಅದಕ್ಕೇ 1906ರಲ್ಲಿ ಅವರು ಮಗ ರಥೀಂದ್ರನಾಥನನ್ನೂ, ಗೆಳೆಯರ ಮಗ ಸಂತೋಷಚಂದ್ರ ಮಜುಂದಾರನನ್ನೂ ಅಮೇರಿಕಾದ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಆ ಕಾಲದಲ್ಲಿ ದೊಡ್ಡ ಮನೆತನದ ಮಕ್ಕಳು ಪರದೇಶಕ್ಕೆ ಹೊಂಟರೆ ಬ್ಯಾರಿಸ್ಟರ್ ಆಗಿ ಇಲ್ಲಾ ಕಲೆಕ್ಟರ್ ಆಗಿ ಬರುತ್ತಿದ್ದರು. ಇವರು ಒಕ್ಕಲುತನ ಕಲಿಯಲಿಕ್ಕೆ ಕಳಿಸಿದರು. 1909ರಲ್ಲಿ ಮಗ ತಿರುಗಿ ಬಂದು ಶಿಲಾಯಿದಹದಲ್ಲಿ ಹೊಲ ಮಾಡಿದ, ಗೋವಿನಜೋಳದ ಬೀಜ ತಂದು ಹಾಕಿದ, ಮಣ್ಣು ಪರೀಕ್ಷೆ ಮಾಡುವ ಸಣ್ಣ ಪ್ರಯೋಗಶಾಲೆ ಇಟ್ಟ. ನೂರು ವರ್ಷಕ್ಕೂ ಹಿಂದೆ ಒಂದು ಹಳ್ಳಿಯಲ್ಲಿ ಮಣ್ಣು ಪರೀಕ್ಷೆ! ಇವತ್ತಿಗೂ ನಮ್ಮಲ್ಲಿ ಎಷ್ಟೋ ಮಂದಿ ಮಣ್ಣು ಪರೀಕ್ಷೆ ಮಾಡಿಸದೇ ಅಂಗಡಿಯವರು ಹೇಳಿದ ಗೊಬ್ಬರ ಹಾಕುತ್ತಾರೆ ಅನ್ನುವುದನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು.

ಇನ್ನು ಸಾಲಿಯ ಸುದ್ದಿ. 1901ರ ಡಿಸೆಂಬರ 22ರಂದು ರವೀಂದ್ರರು ಶಾಂತಿನಿಕೇತನದಲ್ಲಿ ಒಂದು ಸಾಲಿ ತೆಗೆದರು. ಮೊದಲ ದಿನ ಬೆರಳೆಣಿಕೆಯ ಹುಡುಗರು, ಅವರಲ್ಲಿ ಒಬ್ಬ ಸ್ವಂತ ಮಗ. ಕಟ್ಟಡ ಇಲ್ಲ, ಬೆಂಚು ಇಲ್ಲ. ಗಿಡದ ನೆರಳಿನಲ್ಲಿ ಚಾಪೆ ಹಾಸಿ ಪಾಠ. ಪಾಠದ ನಡುವೆ ಅಳಿಲು ಓಡಿದರೆ ಹುಡುಗರು ನೋಡಬಹುದು, ಮೋಡ ಬಂದರೆ ಮ್ಯಾಲೆ ಕತ್ತೆತ್ತಬಹುದು. ಜಗದಾನಂದ ರಾಯರು ಎಂಬ ಮಾಸ್ತರರು ಗಿಡ, ಹುಳ, ಹಕ್ಕಿ, ನಕ್ಷತ್ರಗಳನ್ನು ತೋರಿಸಿ ವಿಜ್ಞಾನ ಹೇಳುತ್ತಿದ್ದರು. ಹೆಂಡತಿ ಮೃಣಾಲಿನಿ ದೇವಿಯವರು ಸಾಲಿ ನಡೆಸಲಿಕ್ಕೆ ಮೈಮೇಲಿನ ಒಡವೆ ಬಿಚ್ಚಿ ಕೊಟ್ಟರು. ಆದರೆ ಮರುವರ್ಷವೇ, 1902ರಲ್ಲಿ, ಅವರು ತೀರಿಕೊಂಡರು. 1903ರಲ್ಲಿ ಮಗಳು ರೇಣುಕಾ, 1905ರಲ್ಲಿ ತಂದೆ, 1907ರಲ್ಲಿ ಕಿರಿಯ ಮಗ ಶಮೀಂದ್ರ ಹೋದರು. ಒಂದರ ಮೇಲೊಂದು ಇಂಥ ಪೆಟ್ಟು ಬಿದ್ದರೆ ನಮ್ಮಂಥವರು ನೆಲ ಹಿಡಿದುಬಿಡುತ್ತೇವೆ. ಅವರು ಸಾಲಿಯನ್ನು ಬಿಡಲಿಲ್ಲ.

ಆದರೂ ಅವರಿಗೆ ಒಂದು ಕೊರತೆ ಕಾಡುತ್ತಿತ್ತು. ಶಾಂತಿನಿಕೇತನಕ್ಕೆ ಬರುವವರು ಬಹುಮಟ್ಟಿಗೆ ಓದಿದವರ, ಉಳ್ಳವರ ಮಕ್ಕಳು. ಅವರ ತಂದೆತಾಯಿಗಳಿಗೆ ಪರೀಕ್ಷೆ ಬೇಕು, ನೌಕರಿ ಬೇಕು. ಸುತ್ತಲಿನ ಹಳ್ಳಿಗಳ ಸ್ಥಿತಿ ಹಂಗೇ ಇತ್ತು. ಗಿಡ ಕಡಿದು ನೆಲ ಬರಡಾಗಿತ್ತು, ಮಲೇರಿಯಾ ಮನೆ ಮನೆಗೆ ಹೊಕ್ಕಿತ್ತು, ಮಂದಿಯಲ್ಲಿ ಒಬ್ಬರ ಮೇಲೆ ಒಬ್ಬರಿಗೆ ನಂಬಿಗೆ ಇರಲಿಲ್ಲ. 1912ರಲ್ಲಿ ಅವರು ಶಾಂತಿನಿಕೇತನದಿಂದ ಎರಡು ಮೈಲಿನ ಮೇಲಿದ್ದ ಸುರುಲ್ ಎಂಬ ಹಳ್ಳಿಯಲ್ಲಿ ಒಂದು ಹಳೇ ಬಂಗಲೆ, ಜಾಗ ಕೊಂಡಿಟ್ಟಿದ್ದರು. ಅಲ್ಲಿ ಕೆಲಸ ಹಿಡಿಯುವ ಮನುಷ್ಯ ಬೇಕಾಗಿತ್ತು.

ಆ ಮನುಷ್ಯ ಸಿಕ್ಕಿದ್ದು ಅಮೇರಿಕಾದಲ್ಲಿ. ಲಿಯೊನಾರ್ಡ್ ಎಲ್ಮ್‌ಹರ್ಸ್ಟ್ ಎಂಬ ಇಂಗ್ಲೆಂಡಿನ ತರುಣ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಒಕ್ಕಲುತನ ಕಲಿಯುತ್ತಿದ್ದರು. ರವೀಂದ್ರರು ಕರೆದರು, ಅವರು ಬಂದರು. 1922ರ ಫೆಬ್ರುವರಿ 6ರಂದು ಸುರುಲ್‌ದಲ್ಲಿ ಗ್ರಾಮ ಪುನರ್ರಚನೆಯ ಕೆಲಸ ಸುರುವಾಯಿತು. ಅದೇ ಮುಂದೆ ಶ್ರೀನಿಕೇತನ ಅಂತ ಹೆಸರಾಯಿತು. ಕಾಲೇಜಿನ ಕೆಲವು ತರುಣರು ಎಲ್ಮ್‌ಹರ್ಸ್ಟರ ಜೊತೆ ಹೋದರು. ಹೋದ ಕೂಡಲೇ ಅವರಿಗೆ ಮೊದಲ ಪಾಠ ಏನು ಗೊತ್ತೇ? ತಮ್ಮ ಪಾಯಖಾನೆಯ ಹೊಲಸನ್ನು ತಾವೇ ಎತ್ತಿ, ತೋಡಿದ ಗುಂಡಿಯಲ್ಲಿ ಮಣ್ಣು ಮುಚ್ಚಿ ಗೊಬ್ಬರ ಮಾಡುವುದು. ಮೇಲುಜಾತಿಯ ಹುಡುಗರು ಮೊದಲು ಹಿಂಜರಿದರು, ಆಮೇಲೆ ಕೈ ಹಾಕಿದರು. ಮಣ್ಣಿನ ಮುಂದೆ ಜಾತಿ ಇಲ್ಲ, ಮಣ್ಣಿಗೆ ಕೊಟ್ಟದ್ದು ಮಾತ್ರ ತಿರುಗಿ ಬರುತ್ತದೆ ಎಂಬುದನ್ನು ಅವರು ಪುಸ್ತಕದಿಂದ ಕಲಿಯಲಿಲ್ಲ.

ಅದೇ 1922ರಲ್ಲಿ ಎಲ್ಮ್‌ಹರ್ಸ್ಟರು ಕಲ್ಕತ್ತೆಯಲ್ಲಿ ಮಣ್ಣಿನ ದರೋಡೆ ಎಂಬ ವಿಷಯದ ಮೇಲೆ ಭಾಷಣ ಮಾಡಿದರು. ಅಧ್ಯಕ್ಷತೆ ರವೀಂದ್ರರದು. ಭಾಷಣದ ತಿರುಳು ಇಷ್ಟೇ. ಹಳ್ಳಿಯ ಹೊಲದಿಂದ ಕಾಳು, ಹತ್ತಿ, ಎಣ್ಣೆಕಾಳು ಪಟ್ಟಣಕ್ಕೆ ಹೋಗುತ್ತವೆ. ಅವುಗಳ ಜೊತೆ ಮಣ್ಣಿನ ಸಾರವೂ ಹೋಗುತ್ತದೆ. ಪಟ್ಟಣದಿಂದ ತಿರುಗಿ ಹೊಲಕ್ಕೆ ಏನೂ ಬರುವುದಿಲ್ಲ. ಇದು ಸಾಲ ತಗೊಂಡು ತೀರಿಸದೇ ಇದ್ದ ಹಾಗೆ. ಸಂಘದ ಲೆಕ್ಕ ಬಲ್ಲವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಮಣ್ಣೂ ಒಂದು ಬ್ಯಾಂಕು. ಠೇವಣಿ ಹಾಕದೇ ತೆಗೆಯುತ್ತಲೇ ಹೋದರೆ ಒಂದು ದಿನ ಖಾತೆ ಖಾಲಿ.

ದೊಡ್ಡವರಿಗೆ ಇದನ್ನು ಹೇಳಿ ನೋಡಿದರು. ದೊಡ್ಡವರು ಕೇಳುತ್ತಾರೆ, ಹೂಂ ಅನ್ನುತ್ತಾರೆ, ಹಳೆ ರೂಢಿ ಬಿಡುವುದಿಲ್ಲ. ಆಗ ರವೀಂದ್ರರು ಮಕ್ಕಳ ಕಡೆ ತಿರುಗಿದರು. 1924ರಲ್ಲಿ ಶಿಕ್ಷಾಸತ್ರ ಎಂಬ ಹೊಸ ಸಾಲಿ ಸುರುವಾಯಿತು. ಇಲಿನಾಯ್‌ದಲ್ಲಿ ಕಲಿತು ಬಂದ ಸಂತೋಷಚಂದ್ರ ಮಜುಂದಾರರೇ ಅದನ್ನು ನಡೆಸಿದರು. ಸೇರಿದವರು ಆರೇಳು ಮಂದಿ ಹುಡುಗರು, ಎಲ್ಲರೂ ಬಡ ಹಳ್ಳಿ ಮನೆಗಳವರು. ಇಲ್ಲಿ ಪರೀಕ್ಷೆಯ ಗೋಜು ಇಲ್ಲ. ಪ್ರತಿ ಹುಡುಗನಿಗೂ ಅವನದೇ ಒಂದು ಸಣ್ಣ ಮಡಿ. ಅದನ್ನು ಅಗೆಯುವವನು ಅವನೇ, ಗೊಬ್ಬರ ಹಾಕುವವನು ಅವನೇ, ಬಿತ್ತುವವನು, ನೀರು ಹಾಕುವವನು, ಕಳೆ ಕೀಳುವವನು ಅವನೇ. ಯಾವತ್ತು ಬಿತ್ತಿದೆ, ಯಾವತ್ತು ಮೊಳಕೆ ಬಂತು, ಎಷ್ಟು ಬೆಳೆಯಿತು ಅಂತ ಬರೆದಿಡಬೇಕು. ಬರೆಯುವಾಗ ಭಾಷೆ ಬಂತು, ಅಳೆಯುವಾಗ ಲೆಕ್ಕ ಬಂತು, ಗಿಡಕ್ಕೆ ಹುಳ ಬಿದ್ದಾಗ ಜೀವಶಾಸ್ತ್ರ ಬಂತು, ಮಳೆಗೆ ಮಣ್ಣು ಕೊಚ್ಚಿದಾಗ ಭೂಗೋಲ ಬಂತು. ಇದರ ಸಂಗಡ ನೇಯುವುದು, ಅಡಿಗೆ ಮಾಡುವುದು, ಕೋಳಿ ಸಾಕುವುದು, ತಮ್ಮ ಜಾಗ ತಾವೇ ಸ್ವಚ್ಛ ಇಡುವುದು. 1926ರಲ್ಲಿ ಸಂತೋಷಬಾಬು ಇನ್ನೂ ತರುಣರಿದ್ದಾಗಲೇ ತೀರಿಕೊಂಡರು. ಆದರೂ ಸಾಲಿ ನಿಲ್ಲಲಿಲ್ಲ. 1927ರಲ್ಲಿ ಅದನ್ನು ಶ್ರೀನಿಕೇತನಕ್ಕೆ ತಂದರು.

ಶ್ರೀನಿಕೇತನದ ಮಂದಿ ಸುತ್ತಲಿನ ಹಳ್ಳಿಗಳಲ್ಲಿ ಹುಡುಗರ ದಳಗಳನ್ನೂ ಕಟ್ಟಿದರು. ಅವರಿಗೆ ವ್ರತೀ ಬಾಲಕರು ಅಂತ ಹೆಸರು. ಕಾಲೀಮೋಹನ ಘೋಷರು ಎಂಬ ಕಾರ್ಯಕರ್ತರು ಹಳ್ಳಿ ಹಳ್ಳಿ ತಿರುಗಿ ಈ ಕೆಲಸ ಮಾಡಿದರು. ಬೆಂಕಿ ಬಿದ್ದರೆ ಆರಿಸುವುದು, ಮಲೇರಿಯಾ ಸೊಳ್ಳೆ ಬೆಳೆಯುವ ಕೊಚ್ಚೆ ಮುಚ್ಚುವುದು, ಮನೆ ಹಿತ್ತಲಲ್ಲಿ ಕಾಯಿಪಲ್ಲೆ ಬೆಳೆಯುವುದು ಈ ಹುಡುಗರ ಕೆಲಸ. ಸಾಲಿಯಲ್ಲಿ ಕಲಿತದ್ದು ಹುಡುಗನ ಕೈಯಿಂದ ಅಪ್ಪನ ಹಿತ್ತಲಿಗೆ ಹೋಯಿತು. ಇದರ ಜೊತೆಗೇ ಸಹಕಾರಿ ಬ್ಯಾಂಕು, ಕಾಳು ಕೂಡಿಡುವ ಧರ್ಮಗೋಲಾ, ಸಹಕಾರಿ ದವಾಖಾನೆಗಳು ಕೂಡ ಎದ್ದವು. ಸಹಕಾರ ಮತ್ತು ಸಾಲಿ ಎರಡೂ ಒಂದೇ ಬಂಡಿಯ ಎರಡು ಗಾಲಿ ಅಂತ ರವೀಂದ್ರರು ತಿಳಿದಿದ್ದರು. ಸಹಕಾರದ ಬಗ್ಗೆ ಅವರು ಬರೆದ ಲೇಖನಗಳು ಬಂಗಾಲಿಯಲ್ಲಿ ಪುಸ್ತಕವಾಗಿಯೇ ಬಂದಿವೆ.

1928ರ ಜುಲೈ ತಿಂಗಳಲ್ಲಿ ಅವರು ಎರಡು ಹೊಸ ಹಬ್ಬ ಸುರು ಮಾಡಿದರು. ಶಾಂತಿನಿಕೇತನದಲ್ಲಿ ವೃಕ್ಷಾರೋಪಣ, ಮರುದಿನ ಶ್ರೀನಿಕೇತನದಲ್ಲಿ ಹಲಕರ್ಷಣ. ಮಕ್ಕಳು ಹಾಡುತ್ತ ಕುಣಿಯುತ್ತ ಸಸಿಯನ್ನು ಮೆರವಣಿಗೆಯಲ್ಲಿ ತಂದು ನೆಟ್ಟರು. ಹಲಕರ್ಷಣ ಅಂದ್ರ ನೇಗಿಲು ಹೂಡುವುದು. ಎತ್ತು ಸಿಂಗಾರ ಮಾಡಿ, ಮಂತ್ರ ಹೇಳಿ, 67 ವರ್ಷದ ಗುರುದೇವರು ಸ್ವತಃ ನೇಗಿಲ ಮೇಳಿ ಹಿಡಿದು ನೆಲ ಸೀಳಿದರು. ಜಗತ್ತೆಲ್ಲ ಕೈಮುಗಿಯುವ ಕವಿ ಮೇಳಿಗೆ ಕೈ ಹಚ್ಚಿದರೆ ನೋಡುವ ಹುಡುಗನಿಗೆ ಏನು ಅನ್ನಿಸುತ್ತದೆ? ನಮ್ಮಪ್ಪನ ಕೆಲಸ ಕೀಳಲ್ಲ ಅನ್ನಿಸುತ್ತದೆ. ಸಾವಿರ ಭಾಷಣಕ್ಕಿಂತ ಅದು ಹೆಚ್ಚು. ನಂದಲಾಲ ಬಸು ಎಂಬ ಹೆಸರಾಂತ ಚಿತ್ರಕಾರರು ಈ ಹಬ್ಬದ ಚಿತ್ರವನ್ನು ಶ್ರೀನಿಕೇತನದ ಗೋಡೆಯ ಮೇಲೆ ಬರೆದಿದ್ದಾರೆ.

ನಡುವೆ ಹಣದ ಅಡಚಣಿ ಸದಾ ಇತ್ತು. ಎಪ್ಪತ್ತು ದಾಟಿದ ಮೇಲೂ ರವೀಂದ್ರರು ನಾಟಕ, ನೃತ್ಯದ ತಂಡ ಕಟ್ಟಿಕೊಂಡು ಊರೂರು ತಿರುಗಿ ಸಂಸ್ಥೆಗೆ ಹಣ ಕೂಡಿಸುತ್ತಿದ್ದರು. 1936ರಲ್ಲಿ ದಿಲ್ಲಿಯಲ್ಲಿ ಇದನ್ನು ಕಂಡ ಗಾಂಧೀಜಿಯವರು ಸಂಕಟಪಟ್ಟು, ದಾನಿಯೊಬ್ಬರಿಂದ 60,000 ರೂಪಾಯಿ ಕೊಡಿಸಿದರು. ಗಾಂಧೀಜಿಯವರಿಗೂ ಈ ಕೆಲಸದ ಬೆಲೆ ಗೊತ್ತಿತ್ತು. 1915ರಲ್ಲಿ ಅವರು ಶಾಂತಿನಿಕೇತನಕ್ಕೆ ಬಂದಾಗ ಅಡಿಗೆ, ಕಸ, ನೀರು ಎಲ್ಲ ಕೆಲಸವನ್ನೂ ಹುಡುಗರೇ ಮಾಡುವ ರೂಢಿ ಹಾಕಿಕೊಟ್ಟಿದ್ದರು. ಮುಂದೆ 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮೂಲ ಶಿಕ್ಷಣದ ಯೋಜನೆ ಮಾಡಿದಾಗ, ಅದನ್ನು ಹೊತ್ತು ನಡೆಸಿದ ಆರ್ಯನಾಯಕಂ ಮತ್ತು ಆಶಾದೇವಿ ದಂಪತಿಗಳು ಶಾಂತಿನಿಕೇತನದಿಂದ ಹೋದವರೇ.

ನಮ್ಮ ಕನ್ನಡ ನಾಡಿನೊಳಗೂ ಇಂಥ ಪ್ರಯತ್ನ ಮಾಡಿದವರು ಇದ್ದಾರೆ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ನಾಟಕ, ಗಿಡಮರಗಳ ನಡುವೆ ಮಕ್ಕಳಿಗೆ ಕಲಿಸಲು ದುಡಿದರು, ಮಕ್ಕಳ ಸಲುವಾಗಿ ಬಾಲಪ್ರಪಂಚ ಎಂಬ ದೊಡ್ಡ ಸಂಪುಟಗಳನ್ನು ಬರೆದರು. ಅದು ಬೇರೆಯೇ ಒಂದು ಚರಿತ್ರೆ.

ರವೀಂದ್ರರು 1941ರ ಆಗಸ್ಟ್ 7ರಂದು, ತಾವು ಹುಟ್ಟಿದ ಜೋಡಾಸಾಂಕೋ ಮನೆಯಲ್ಲೇ, 80ನೇ ವಯಸ್ಸಿನಲ್ಲಿ ತೀರಿಕೊಂಡರು. 1951ರಲ್ಲಿ ವಿಶ್ವಭಾರತಿ ಕೇಂದ್ರ ವಿಶ್ವವಿದ್ಯಾಲಯವಾಯಿತು. 2023ರಲ್ಲಿ ಶಾಂತಿನಿಕೇತನ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಶಿಕ್ಷಾಸತ್ರ ಇವತ್ತಿಗೂ ವಿಶ್ವಭಾರತಿಯ ಒಂದು ಸಾಲಿಯಾಗಿ ನಡೆದಿದೆ. ವೃಕ್ಷಾರೋಪಣ, ಹಲಕರ್ಷಣ ಹಬ್ಬಗಳು ಪ್ರತಿ ಶ್ರಾವಣದಲ್ಲಿ ಆಗುತ್ತವೆ. ಒಂದು ಮಾತು ಗಮನಿಸಿರಿ. ಅವರು ರೈತರಿಗೆ ಕೊಟ್ಟ ಹಣ ಮುಳುಗಿತು. ಅವರು ಮಕ್ಕಳ ಕೈಗೆ ಕೊಟ್ಟ ಸನಿಕೆ ಉಳಿಯಿತು.

ಇನ್ನು ನಮ್ಮ ಊರಿನ ಮಾತಿಗೆ ಬರೋಣ. ನಮ್ಮ ಸಂಶಿಯ ಯರಿ ಮಣ್ಣು ಅಂದ್ರ ಸಾಮಾನ್ಯದ್ದಲ್ಲ. ಜೇಡಿ ಅಂಶ ಹೆಚ್ಚು. ಮಳೆ ಬಿದ್ದರೆ ಉಬ್ಬುತ್ತದೆ, ಬ್ಯಾಸಗಿಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುತ್ತದೆ. ಮ್ಯಾಲಿನ ಮಣ್ಣು ಬಿರುಕಿನೊಳಗೆ ಬಿದ್ದು ತನ್ನನ್ನು ತಾನೇ ಕಲಸಿಕೊಳ್ಳುತ್ತದೆ. ಹಿಂಗಾರಿಯಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ಒಳಗಿನ ಹಸಿಯ ಮೇಲೆ, ಇಬ್ಬನಿಯ ಮೇಲೆ ಕಡ್ಲಿ, ಬಿಳಿಜೋಳ ಬರುತ್ತವೆ. ಒಂದು ಇಂಚು ಮಣ್ಣು ಆಗಲಿಕ್ಕೆ ನೂರಾರು ವರ್ಷ ಬೇಕು, ಒಡ್ಡು ಒಡೆದ ಹೊಲದಿಂದ ಅದು ಹೋಗಲಿಕ್ಕೆ ನಾಲ್ಕು ದೊಡ್ಡ ಮಳೆ ಸಾಕು. ಎತ್ತು ಕಡಿಮೆ ಆದವು, ತಿಪ್ಪಿ ಸಣ್ಣದಾದವು, ಚೀಲದ ಗೊಬ್ಬರ ಹೆಚ್ಚಾಯಿತು. ನಮ್ಮ ಮಕ್ಕಳಿಗೆ ಮೊಬೈಲಿನ ಮಾಡೆಲ್ ಹೆಸರು ಬಾಯಿಪಾಠ ಇರುತ್ತವೆ. ಯರಿ ಯಾವುದು, ಮಸಾರಿ ಯಾವುದು ಅಂತ ಕೈಯಲ್ಲಿ ಹಿಡಿದು ಹೇಳುವವರು ಎಷ್ಟು ಮಂದಿ? ಒಕ್ಕಲಿಗನ ಮಗನಿಗೇ ಮಣ್ಣು ಅಂದ್ರ ಹೊಲಸು ಅನ್ನಿಸಿದರೆ ಮುಂದಿನ 25 ವರ್ಷಕ್ಕೆ ಈ ಸಂಘ ಯಾರಿಗೆ ಸಾಲ ಕೊಡಬೇಕು?

ಹಂಗಂತ ನಮ್ಮ ಹಿರಿಯರು ಇದನ್ನು ಮರೆತಿರಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಹಳ್ಳದ ದಂಡೆಗೆ ಹೋಗಿ ಜಿಗಟು ಮಣ್ಣು ಆರಿಸಿ ತಂದು ಎತ್ತು ಮಾಡುತ್ತಾರೆ. ಉಸುಕು ಕೂಡಿದ ಮಣ್ಣಾದರೆ ಎತ್ತಿನ ಕೋಡು ಮುರಿಯುತ್ತದೆ, ಜೇಡಿ ಹೆಚ್ಚಾದರೆ ಒಣಗಿದ ಮೇಲೆ ಸೀಳುತ್ತದೆ. ಯಾವ ಮಣ್ಣು ನಿಲ್ಲುತ್ತದೆ ಅಂತ ಆರು ವರ್ಷದ ಹುಡುಗಿಗೂ ಗೊತ್ತಾಗುತ್ತದೆ. ಮಣ್ಣಿನ ಮೊದಲ ಪಾಠ ಇದೇ. ಈಗ ಪೇಟೆಯಿಂದ ಬಣ್ಣ ಹಚ್ಚಿದ ಎತ್ತು ಕೊಂಡು ತಂದರೆ ಪೂಜೆ ಆಗುತ್ತದೆ, ಪಾಠ ಆಗುವುದಿಲ್ಲ.

ಆದ್ದರಿಂದ ಸದಸ್ಯರ ಮುಂದೆ ನಮ್ಮ ಒಂದು ವಿನಂತಿ ಇದೆ. ರಜತ ಮಹೋತ್ಸವದ ನೆನಪಿಗೆ ಬರೀ ಕಲ್ಲಿನ ಫಲಕ ಹಾಕುವುದು ಬೇಡ. ಊರಿನ ಸಾಲಿಯ ಮಾಸ್ತರರನ್ನು, ಬಾಯಿಯವರನ್ನು ಕೇಳಿಕೊಂಡು, ಸಾಲಿಗೆ ಹತ್ತಿರದಲ್ಲಿ ಐದು ಗುಂಟೆ ಜಾಗ ಮಕ್ಕಳ ಹೊಲ ಅಂತ ಮಾಡೋಣ. ಬೀಜ, ಸನಿಕೆ, ಕುರ್ಚಿಗಿ ಸಂಘದಿಂದ ಕೊಡೋಣ. ಖರ್ಚು ಭಾಳ ಇಲ್ಲ. ಮಾಡುವ ಕೆಲಸಗಳೂ ಸರಳ.

ಒಂದನೆಯದು, ಗಾಜಿನ ಬಾಟಲಿಯಲ್ಲಿ ಮೂರರಲ್ಲಿ ಒಂದು ಪಾಲು ಮಣ್ಣು ಹಾಕಿ, ನೀರು ತುಂಬಿ, ಜೋರಾಗಿ ಅಲುಗಾಡಿಸಿ ಇಡಬೇಕು. ಉಸುಕು ಕೂಡಲೇ ತಳಕ್ಕೆ ಕೂಡುತ್ತದೆ, ಅದರ ಮ್ಯಾಲೆ ನುಣುಪು ರೇವೆ, ಜೇಡಿ ಮಾತ್ರ ದಿನಗಟ್ಟಲೆ ನೀರಿನಲ್ಲಿ ತೇಲುತ್ತದೆ. ಯರಿ ಹೊಲದ್ದು, ಮಸಾರಿ ಹೊಲದ್ದು, ಹಳ್ಳದ್ದು ಅಂತ ಮೂರು ಬಾಟಲಿ ಪಕ್ಕಪಕ್ಕ ಇಟ್ಟರೆ ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ.

ಎರಡನೆಯದು, ಸುಮಾರು 40 ದಿನದ ಶೇಂಗಾ ಅಥವಾ ಹೆಸರು ಗಿಡವನ್ನು ಬೇರು ಹರಿಯದ ಹಾಗೆ ಅಗೆದು ತೆಗೆದು ಬೇರಿನ ಗಂಟುಗಳನ್ನು ತೋರಿಸಬೇಕು. ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ಕೆಂಪು ಛಾಯೆ ಇದ್ದರೆ, ಗಾಳಿಯೊಳಗಿನ ಸಾರಜನಕವನ್ನು ಗಿಡಕ್ಕೆ ಒದಗಿಸುವ ಸೂಕ್ಷ್ಮಜೀವಿಗಳು ಅಲ್ಲಿ ಕೆಲಸ ಮಾಡುತ್ತಿವೆ ಅಂತ ಅರ್ಥ. ಯೂರಿಯಾ ಕಾರಖಾನೆ ಬೇರಿನಲ್ಲೇ ಇದೆ ಅಂತ ಗೊತ್ತಾದ ಹುಡುಗ ಮುಂದೆ ಬೆಳೆ ಬದಲಿಸುವುದನ್ನು ಮರೆಯುವುದಿಲ್ಲ.

ಮೂರನೆಯದು, ಎರಡು ತಗಡಿನ ಡಬ್ಬಿಯನ್ನು ಅಡ್ಡ ಕೊಯ್ದು ಒಂದರಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ಮಣ್ಣಿನ ಮ್ಯಾಲೆ ರವದಿ ಮುಚ್ಚಿ, ಇಳಿಜಾರಾಗಿ ಇಟ್ಟು ಝಾರಿಯಿಂದ ನೀರು ಹೊಯ್ಯಬೇಕು. ಮೊದಲಿನದರಿಂದ ರಾಡಿ ನೀರು ಬರುತ್ತದೆ, ಎರಡನೆಯದರಿಂದ ಹೆಚ್ಚು ಕಡಿಮೆ ತಿಳಿನೀರು. ಒಡ್ಡು ಯಾಕೆ ಬೇಕು, ರವದಿ ಯಾಕೆ ಸುಡಬಾರದು ಅಂತ ಮತ್ತೆ ಹೇಳುವ ಕಾರಣ ಇಲ್ಲ.

ನಾಲ್ಕನೆಯದು, ಬ್ಯಾಸಗಿಯಲ್ಲಿ ಮಣ್ಣು ಪರೀಕ್ಷೆಗೆ ಮಾದರಿ ತೆಗೆಯುವಾಗ ಮಕ್ಕಳನ್ನು ಸಂಗಡ ಕರೆದುಕೊಂಡು ಹೋಗಬೇಕು. ಹೊಲದಲ್ಲಿ ಹಾವಿನ ಹಾಗೆ ಅಂಕುಡೊಂಕಾಗಿ ನಡೆದು ಎಂಟು ಹತ್ತು ಕಡೆ, ಆರು ಇಂಚು ಆಳದ ತನಕ ಮಣ್ಣು ತೆಗೆದು, ಕೂಡಿಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಟ್ಟು, ಅರ್ಧ ಕಿಲೋ ಉಳಿಯುವ ತನಕ ಹಿಂಗೇ ಮಾಡಬೇಕು. 2015ರಿಂದ ಕೇಂದ್ರ ಸರಕಾರದ ಮಣ್ಣು ಆರೋಗ್ಯ ಕಾರ್ಡಿನ ಯೋಜನೆ ಇದೆ. ಆ ಕಾರ್ಡು ಮನೆಯ ಮಾಡದಲ್ಲಿ ಧೂಳು ತಿನ್ನುವ ಬದಲು, ಮಗಳು ಓದಿ ಅಪ್ಪನಿಗೆ ಹೇಳುವಂತಾಗಲಿ.

ಕೆಲವರು ಅನ್ನಬಹುದು, ನಮ್ಮ ಮಕ್ಕಳು ಓದಿ ನೌಕರಿ ಹಿಡಿಯಲಿ, ಮಣ್ಣಿನೊಳಗೆ ಯಾಕೆ ದೂಡುತ್ತೀರಿ ಅಂತ. ಅವರ ಮಾತಿನಲ್ಲೂ ನೋವು ಇದೆ, ಒಕ್ಕಲುತನದ ಕಷ್ಟ ಉಂಡವರಿಗೇ ಗೊತ್ತು. ಹುಡುಗ ಡಾಕ್ಟರ್ ಆಗಲಿ, ಹುಡುಗಿ ಇಂಜಿನಿಯರ್ ಆಗಲಿ, ನಮಗೂ ಅದೇ ಆಸೆ. ರವೀಂದ್ರರು ಯಾರನ್ನೂ ನೇಗಿಲಿಗೆ ಕಟ್ಟಲಿಲ್ಲ. ಏನಾದರೂ ಆಗಲಿ, ಅನ್ನ ಎಲ್ಲಿಂದ ಬರುತ್ತದೆ ಅಂತ ಕೈಗೆ ಗೊತ್ತಿರಲಿ ಅಂತ ಬಯಸಿದರು. ಹೊಲ ಮಾರಬೇಕೋ ಇಡಬೇಕೋ ಅಂತ ನಾಳೆ ತೀರ್ಮಾನ ಮಾಡುವವರು ಇವತ್ತು ಸಾಲಿಯಲ್ಲಿ ಕುಳಿತ ಮಕ್ಕಳೇ. ತಾವು ಏನನ್ನು ಮಾರುತ್ತಿದ್ದೇವೆ ಎಂಬುದಾದರೂ ಅವರಿಗೆ ತಿಳಿದಿರಬೇಕಲ್ಲ.

ಸಂಘದ ಖಜಾನೆಯಲ್ಲಿ ಷೇರು ಇದೆ, ಠೇವಣಿ ಇದೆ, ಸಾಲ ಇದೆ. ಇವೆಲ್ಲದರ ಕೆಳಗೆ ಆಧಾರವಾಗಿ ಇರುವುದು ನಮ್ಮ ಹೊಲಗಳ ಒಂದು ಗೇಣು ಮಣ್ಣು. ಅದನ್ನು ಕಾಯುವವರನ್ನು ತಯಾರು ಮಾಡುವುದೂ ಸಂಘದ ಕೆಲಸವೇ. ಮುಂದಿನ ಮಣ್ಣೆತ್ತಿನ ಅಮಾವಾಸ್ಯೆಯೊಳಗೆ ಮಕ್ಕಳ ಹೊಲಕ್ಕೆ ಗುದ್ದಲಿ ಬೀಳಲಿ ಎಂದು ಎಲ್ಲ ಸದಸ್ಯರಲ್ಲಿ ಕೇಳಿಕೊಳ್ಳುತ್ತೇವೆ. ಜಾಗ ಕೊಡುವವರು, ಹಳೆಯ ಸನಿಕೆ ಕೊಡುವವರು, ವಾರಕ್ಕೆ ಒಂದು ತಾಸು ಬಂದು ಮಕ್ಕಳಿಗೆ ಹೇಳಿಕೊಡುವ ಹಿರಿಯರು ಸಂಘದ ಕಚೇರಿಯಲ್ಲಿ ತಮ್ಮ ಹೆಸರು ಬರೆಸಬೇಕು.

ಜೈ ಸಹಕಾರ.